ಬಾಪನ ಕಾಲಿಗೆ ಬೆಳಕಿನ ಗೆರೆ

ಅಸರ್‌ನ ಬಾಂಗ್ ಕೇಳಿಸಿದೆ. ವುಝೂ ಮಾಡಲೆಂದು ಬಾಪ ಕುರ್ಚಿಯಿಂದ ಎದ್ದಿದ್ದಾರೆ. ಚಾವಡಿ ದಾಟಿ ಬಚ್ಚಲಿನ ಬಾಗಿಲವರೆಗೆ ಹೇಗೋ ಬಂದರು. ಆದರೆ ಹೊಸ್ತಿಲ ಮುಂದೆ ಅವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. "ಬನ್ನಿ ಬಾಪ, ಒಂದು ಹೆಜ್ಜೆ ಇಡಿ" ಎಂದು ನೀವು ಹೇಳುತ್ತೀರಿ. ಅವರಿಗೂ ಇಡಬೇಕೆಂದಿದೆ, ಆದರೆ ಕಾಲು ಏಳುವುದಿಲ್ಲ. ನೀವು ಅವಸರಪಡಿಸಿದಷ್ಟೂ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ವಿಚಿತ್ರವೆಂದರೆ, ನಿನ್ನೆ ಇದೇ ಬಾಪ ಅಂಗಳದ ಮೆಟ್ಟಿಲುಗಳನ್ನು ಯಾರ ಸಹಾಯವೂ ಇಲ್ಲದೆ ಹತ್ತಿದ್ದರು. "ಮೆಟ್ಟಿಲು ಹತ್ತುವವರಿಗೆ ಸಪಾಟು ನೆಲದಲ್ಲಿ ನಡೆಯಲಾಗುವುದಿಲ್ಲವೇ? ಇದು ಹಟವೋ, ಸೋಮಾರಿತನವೋ?" ಎಂದು ನಿಮ್ಮ ಮನಸ್ಸಿನಲ್ಲಿ ಒಂದು ಕ್ಷಣ ಅನಿಸಿದ್ದರೂ ಆಶ್ಚರ್ಯವಿಲ್ಲ.

ಸಹೋದರಿಯರೇ, ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಅದು ಪಾರ್ಕಿನ್ಸನ್ ರೋಗದ ಒಂದು ಲಕ್ಷಣ. ಮೆಟ್ಟಿಲು ಹತ್ತುವ ಕಾಲು ಸಪಾಟು ನೆಲದಲ್ಲಿ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಸಿಕ್ಕಿದ ಉತ್ತರದಿಂದಲೇ ಇಂದು ವಿದೇಶಗಳಲ್ಲಿ ಒಂದು ಹೊಸ ಕನ್ನಡಕ ಹುಟ್ಟಿಕೊಂಡಿದೆ. ಅದೇ ಉತ್ತರವನ್ನು ನಿಮ್ಮ ಮನೆಯ ನೆಲದ ಮೇಲೆ ಕೆಲವೇ ರೂಪಾಯಿಗಳ ಟೇಪಿನಿಂದಲೂ ಬಳಸಿಕೊಳ್ಳಬಹುದು.

ಏನಿದು ರೋಗ?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗದ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದರು. ಅವರ ಹೆಸರೇ ರೋಗಕ್ಕೆ ಉಳಿಯಿತು. ನಮ್ಮ ಆಯುರ್ವೇದದಲ್ಲಿ ಇದನ್ನು ಹೋಲುವ ಕಾಯಿಲೆಗೆ ಕಂಪವಾತ ಎಂಬ ಹೆಸರಿದೆ. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಅವು ಒಂದೊಂದಾಗಿ ನಾಶವಾಗುತ್ತಾ ಹೋದಾಗ ದೇಹದ ಚಲನೆ ಏರುಪೇರಾಗುತ್ತದೆ. ಸುಮ್ಮನೆ ಕುಳಿತಾಗ ಕೈ ನಡುಗುವುದು, ಕೈಕಾಲು ಬಿಗಿಯಾಗುವುದು, ಎಲ್ಲ ಕೆಲಸವೂ ನಿಧಾನವಾಗುವುದು, ನಡೆಯುವಾಗ ಆಯ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ಅಕ್ಷರ ಸಣ್ಣದಾಗುತ್ತದೆ. ದನಿ ತಗ್ಗುತ್ತದೆ. ಮುಖದಲ್ಲಿ ಭಾವನೆ ಕಾಣುವುದಿಲ್ಲ. ಹಲವರಲ್ಲಿ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಾಗುವುದು, ಮಲಬದ್ಧತೆ ಕಾಣಿಸಿಕೊಂಡಿರುತ್ತದೆ. ಕೆಲವರಿಗೆ ನಡುಕವೇ ಇರುವುದಿಲ್ಲ.

ಜಗತ್ಪ್ರಸಿದ್ಧ ಬಾಕ್ಸರ್ ಮುಹಮ್ಮದ್ ಅಲಿಯವರಿಗೆ ಈ ರೋಗವಿದೆಯೆಂದು ತಿಳಿದದ್ದು 1984ರಲ್ಲಿ. ಆಗ ಅವರಿಗೆ 42 ವರ್ಷ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಡುಗುವ ಕೈಯಿಂದಲೇ ಅವರು ಜ್ಯೋತಿ ಬೆಳಗಿದ್ದನ್ನು ಜಗತ್ತು ನೋಡಿತು. 2016ರಲ್ಲಿ ನಿಧನರಾಗುವವರೆಗೆ, ಮೂರು ದಶಕಗಳಿಗೂ ಮಿಕ್ಕಿ, ಅವರು ಈ ರೋಗದೊಂದಿಗೆ ಬದುಕಿದರು. ಅಂದರೆ ಪಾರ್ಕಿನ್ಸನ್ ಎಂದ ಕೂಡಲೇ ಬದುಕು ಮುಗಿಯಿತೆಂದಲ್ಲ. ಅದು ದೀರ್ಘ ಪ್ರಯಾಣ. ಆ ಪ್ರಯಾಣದ ಹೆಚ್ಚಿನ ಭಾಗ ಸಾಗುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ.

ಗೆರೆ ಕಂಡರೆ ಕಾಲು ಏಳುತ್ತದೆ

ನಾವು ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಮಾತನಾಡುತ್ತಾ, ಮಗುವನ್ನು ಎತ್ತಿಕೊಂಡು ನಡೆದು ಬಿಡುತ್ತೇವೆ. ಹೀಗೆ ತಾನಾಗಿ ನಡೆಯುವ ಕೆಲಸವನ್ನು ಮಿದುಳಿನ ಆಳದ ಭಾಗವೊಂದು ನೋಡಿಕೊಳ್ಳುತ್ತದೆ. ಡೋಪಮಿನ್ ಕಡಿಮೆಯಾದಾಗ ಆ ಭಾಗವೇ ಸೋಲುತ್ತದೆ. ಆದರೆ ಕಣ್ಣಿನ ಮುಂದೆ ಒಂದು ಗುರುತು ಇದ್ದರೆ, 'ಈ ಗೆರೆ ದಾಟಬೇಕು' ಎಂದು ಗಮನವಿಟ್ಟು ಹೆಜ್ಜೆ ಹಾಕಿದರೆ, ಮಿದುಳು ಬೇರೊಂದು ದಾರಿಯಿಂದ ಆ ಕೆಲಸ ಮಾಡಿಸುತ್ತದೆ. ಮುಖ್ಯ ರಸ್ತೆ ಬಂದ್ ಆದಾಗ ಒಳರಸ್ತೆಯಿಂದ ಬಸ್ಸು ಹೋದ ಹಾಗೆ. ಮೆಟ್ಟಿಲಿನ ಅಂಚು ಅಂತಹ ಒಂದು ಗುರುತು. ಬಾಪ ಮೆಟ್ಟಿಲು ಹತ್ತಿದ್ದು, ಹೊಸ್ತಿಲ ಬಳಿ ನಿಂತದ್ದು ಇದೇ ಕಾರಣದಿಂದ. ಇಕ್ಕಟ್ಟಾದ ಬಾಗಿಲು, ತಿರುಗುವ ಜಾಗ, ಅವಸರ, ಗಾಬರಿ ಇವು ಕಾಲನ್ನು ಹಿಡಿದು ನಿಲ್ಲಿಸುತ್ತವೆ. ನೆಲದ ಅಡ್ಡ ಗೆರೆಗಳು ಅದನ್ನು ಬಿಡಿಸುತ್ತವೆ. 1960ರ ದಶಕದಲ್ಲೇ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ.

ಕನ್ನಡಕದೊಳಗಿನ ಗೆರೆ

ಈಗ ಬಂದಿರುವ ಹೊಸತು ಆಗ್ಮೆಂಟೆಡ್ ರಿಯಾಲಿಟಿ. ಇದನ್ನು ವರ್ಚುವಲ್ ರಿಯಾಲಿಟಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ವರ್ಚುವಲ್ ರಿಯಾಲಿಟಿಯಲ್ಲಿ ಕಣ್ಣು ಪೂರ್ತಿ ಮುಚ್ಚಿಹೋಗಿ ಬೇರೊಂದು ಲೋಕ ಕಾಣುತ್ತದೆ. ಆಯ ತಪ್ಪುವ ರೋಗಿ ಮನೆಯಲ್ಲಿ ಅದನ್ನು ಹಾಕಿಕೊಂಡು ನಡೆಯುವುದು ಅಪಾಯ. ಆಗ್ಮೆಂಟೆಡ್ ರಿಯಾಲಿಟಿಯ ಕನ್ನಡಕ ಪಾರದರ್ಶಕ. ಮನೆಯ ನೆಲ, ಗೋಡೆ, ಕುರ್ಚಿ ಎಲ್ಲವೂ ಇದ್ದ ಹಾಗೆಯೇ ಕಾಣುತ್ತವೆ. ಅವುಗಳ ಮೇಲೆ ಬೆಳಕಿನ ಗೆರೆಗಳು, ಹೆಜ್ಜೆಗುರುತುಗಳು, ದಾಟಬೇಕಾದ ಅಡ್ಡಿಗಳು ಮೂಡುತ್ತವೆ. ಆಟದ ರೂಪದಲ್ಲಿ ವ್ಯಾಯಾಮ ನಡೆಯುತ್ತದೆ. ರೋಗಿ ಎಷ್ಟು ಹೆಜ್ಜೆ ಹಾಕಿದರು, ಎಷ್ಟು ಹೊತ್ತು ಮಾಡಿದರು ಎಂಬುದನ್ನು ಕನ್ನಡಕವೇ ದಾಖಲಿಸುತ್ತದೆ. ದೂರದಲ್ಲಿರುವ ಫಿಸಿಯೋಥೆರಪಿಸ್ಟ್ ಅದನ್ನು ನೋಡಿ ಮುಂದಿನ ವಾರದ ವ್ಯಾಯಾಮವನ್ನು ಬದಲಿಸಬಹುದು.

ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇಂತಹ ಕನ್ನಡಕಗಳನ್ನು ರೋಗಿಗಳ ಮನೆಗೇ ಕೊಟ್ಟು ಪರೀಕ್ಷಿಸಿ, 2024ರಲ್ಲಿ ವರದಿ ಪ್ರಕಟಿಸಿದರು. ಆರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ವ್ಯಾಯಾಮ. ಮನೆಯಲ್ಲೇ ಇದನ್ನು ಮಾಡಲು ಸಾಧ್ಯ ಎಂಬುದು ಅದರಿಂದ ಕಂಡುಬಂತು. ಆದರೆ ಅದು ಕೆಲವೇ ರೋಗಿಗಳ ಮೇಲೆ ನಡೆದ ಚಿಕ್ಕ ಅಧ್ಯಯನ. ಅದೇ ದೇಶದಲ್ಲಿ 2020ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ನಿಂತಲ್ಲೇ ತಿರುಗುವಾಗ ಕಾಲು ಅಂಟಿಕೊಳ್ಳುವುದನ್ನು ಕನ್ನಡಕದ ಗುರುತುಗಳು ಕಡಿಮೆ ಮಾಡಲಿಲ್ಲ. ಅಂದರೆ ಇದು ಪವಾಡವಲ್ಲ, ವ್ಯಾಯಾಮಕ್ಕೆ ಒಂದು ಸಾಧನ ಮಾತ್ರ. ರೋಗವನ್ನು ಅದು ಗುಣಪಡಿಸುವುದಿಲ್ಲ.

ಬೆಲೆಯನ್ನೂ ನೋಡಬೇಕಲ್ಲವೇ? ಇಂತಹ ಪ್ರಯೋಗಗಳಲ್ಲಿ ಬಳಕೆಯಾದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ಕನ್ನಡಕ 2019ರಲ್ಲಿ ಪ್ರಕಟವಾದಾಗ ಅದರ ಬೆಲೆ 3,500 ಡಾಲರ್. ನಮ್ಮ ಲೆಕ್ಕದಲ್ಲಿ ಲಕ್ಷಗಳ ಮಾತು. 2024ರಲ್ಲಿ ಕಂಪೆನಿ ಅದರ ತಯಾರಿಯನ್ನೇ ನಿಲ್ಲಿಸಿತು. ಆದ್ದರಿಂದ ದುಬೈಯಲ್ಲೋ ಜುಬೈಲಿನಲ್ಲೋ ಇರುವ ಮಗ "ಬಾಪನಿಗೆ ಒಂದು ಕನ್ನಡಕ ಕಳುಹಿಸುತ್ತೇನೆ" ಎಂದರೆ ಅವಸರ ಬೇಡವೆನ್ನಿ. ವ್ಯಾಯಾಮದ ಸಾಫ್ಟ್‌ವೇರ್ ಮತ್ತು ಅದನ್ನು ನೋಡಿಕೊಳ್ಳುವ ಫಿಸಿಯೋಥೆರಪಿಸ್ಟ್ ಇಲ್ಲದೆ ಬರೀ ಕನ್ನಡಕದಿಂದ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಗೆರೆ ತೋರಿಸುವ ಆಪ್ ಇದ್ದರೂ ಅದನ್ನು ಕೈಯಲ್ಲಿ ಹಿಡಿದು ನಡೆಯಲು ಹೇಳಬೇಡಿ. ಈ ರೋಗಿಗಳಿಗೆ ಏಕಕಾಲದಲ್ಲಿ ಎರಡು ಕೆಲಸ ಮಾಡುವುದೇ ಕಷ್ಟ. ಬೀಳುವ ಸಂಭವ ಹೆಚ್ಚುತ್ತದೆ.

ನಿಮ್ಮ ಮನೆಯ ನೆಲದಲ್ಲೇ

ಬೆಳ್ಮಣ್‌ನಿಂದ ಮಣಿಪಾಲಕ್ಕೆ ಹೋಗಬೇಕಾದರೆ ಬಸ್ಸು ಹಿಡಿದು ಉಡುಪಿಗೆ, ಅಲ್ಲಿಂದ ಮತ್ತೆ ಇನ್ನೊಂದು ಬಸ್ಸು. ಕಾಲು ಏಳದವರಿಗೆ ಎಕ್ಸ್‌ಪ್ರೆಸ್ ಬಸ್ಸಿನ ಮೆಟ್ಟಿಲು ಹತ್ತುವಷ್ಟು ಹೊತ್ತು ಕಂಡಕ್ಟರ್ ಕಾಯುತ್ತಾರೆಯೇ? ರಿಕ್ಷಾ, ಕಾರೆಂದರೆ ಪ್ರತಿ ಸಲವೂ ಖರ್ಚು. ವಾರಕ್ಕೆ ಮೂರು ನಾಲ್ಕು ದಿನ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡುವುದು ಹೆಚ್ಚಿನ ಮನೆಗಳಿಗೆ ಆಗದ ಮಾತು. ಆದ್ದರಿಂದಲೇ ಮನೆಯಲ್ಲಿ ಮಾಡುವ ವ್ಯಾಯಾಮಕ್ಕೆ ಇಷ್ಟು ಬೆಲೆ. ಮೊದಲು ನರರೋಗ ತಜ್ಞರಲ್ಲಿ ತೋರಿಸಿ ರೋಗವನ್ನು ಖಚಿತಪಡಿಸಿಕೊಳ್ಳಿ. ಫಿಸಿಯೋಥೆರಪಿಸ್ಟರಲ್ಲಿ ಒಮ್ಮೆಯಾದರೂ ಕರೆದುಕೊಂಡು ಹೋಗಿ, ನಡಿಗೆ ನೋಡಿಸಿ, ಮನೆಗೆ ಬೇಕಾದ ವ್ಯಾಯಾಮವನ್ನು ಕೇಳಿ ಕಲಿಯಿರಿ. ಆಮೇಲೆ ವೀಡಿಯೋ ಕರೆಯಲ್ಲಿ ಸಲಹೆ ಸಿಗುತ್ತದೆಯೇ ಎಂದೂ ವಿಚಾರಿಸಿ.

ಕಾಲು ಅಂಟಿಕೊಳ್ಳುವ ಜಾಗ ಯಾವುದೆಂದು ಒಂದು ವಾರ ಗಮನಿಸಿ. ಬಚ್ಚಲಿನ ಬಾಗಿಲು, ಮಂಚದ ಬದಿ, ಅಡುಗೆಮನೆಯ ತಿರುವು, ಹೀಗೆ ಎರಡು ಮೂರು ಕಡೆ ಸಿಗುತ್ತದೆ. ಅಲ್ಲಿ ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪನ್ನು ಅಡ್ಡಡ್ಡವಾಗಿ ಅಂಟಿಸಿ. ಕೆಂಪು ಸಿಮೆಂಟಿನ ನೆಲವಾದರೆ ಬಿಳಿ ಅಥವಾ ಹಳದಿ, ಬಿಳಿ ಟೈಲ್ಸ್ ಆದರೆ ಕಪ್ಪು. ಮಸೀದಿಯ ಜಮಖಾನದ ಸಫ್ ಗೆರೆಗಳ ಹಾಗೆ, ಆದರೆ ಅಷ್ಟು ದೂರವಲ್ಲ, ಅವರ ಒಂದು ಹೆಜ್ಜೆಯಷ್ಟು ಅಂತರ ಸಾಕು. ಟೇಪಿನ ಅಂಚು ಎದ್ದು ಕಾಲಿಗೆ ಸಿಕ್ಕದಂತೆ ನೋಡಿಕೊಳ್ಳಿ. "ಗೆರೆ ದಾಟಿ ಬಾಪ" ಎಂದು ಮೆಲ್ಲಗೆ ಹೇಳಿ.

ಗೆರೆ ಇಲ್ಲದ ಜಾಗದಲ್ಲಿ ಕಾಲು ನಿಂತರೆ ಎಳೆಯಬೇಡಿ, ಹಿಂದಿನಿಂದ ದೂಡಬೇಡಿ. ಮೊದಲು ಪೂರ್ತಿ ನಿಲ್ಲಲಿ. ಉಸಿರೆಳೆದುಕೊಳ್ಳಲಿ. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಲಿ. ನಂತರ 'ಒಂದು, ಎರಡು' ಎಂದು ಎಣಿಸುತ್ತಾ ದೊಡ್ಡ ಹೆಜ್ಜೆ ಇಡಲಿ. ಅವರ ಕಾಲಿನ ಮುಂದೆ ನಿಮ್ಮ ಪಾದವನ್ನು ಅಡ್ಡವಾಗಿಟ್ಟು "ಇದನ್ನು ದಾಟಿ" ಎಂದರೂ ಕೆಲವೊಮ್ಮೆ ಕೆಲಸವಾಗುತ್ತದೆ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗುವುದು ಬೇಡ, ಅರ್ಧ ಸುತ್ತು ಹಾಕಿ ತಿರುಗಲಿ.

ದನಿ ತಗ್ಗಿದವರಿಗೆ ಗಟ್ಟಿಯಾಗಿ ಮಾತನಾಡುವ ತರಬೇತಿ ಇದೆ. ಅಮೆರಿಕದಲ್ಲಿ ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರಿನಲ್ಲಿ ಬೆಳೆದ ವಿಧಾನ ಅದು. ತಜ್ಞರು ಸಿಗದ ಕಡೆ, ಸುಬ್‌ಹ್ ನಮಾಝಿನ ನಂತರ ಕುರ್‌ಆನನ್ನು ಗಟ್ಟಿ ದನಿಯಲ್ಲಿ, ನಿಧಾನವಾಗಿ ಓದಲು ಹೇಳಿ. ಪುಟ್ಟ ಮೊಮ್ಮಗುವನ್ನು ಎದುರು ಕೂರಿಸಿದರೆ ಇಬ್ಬರಿಗೂ ಪಾಠವಾಗುತ್ತದೆ.

ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆಸಿ. ವುಝೂ ಮಾಡುವ ಜಾಗದಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ಕುಳಿತು ವುಝೂ ಮಾಡಲು ಗಟ್ಟಿಯಾದ ಸ್ಟೂಲ್ ಇಡಿ. ಸಡಿಲ ಚಪ್ಪಲಿ, ನೆಲದ ಮೇಲಿನ ಜಾರುವ ಚಾಪೆ ತೆಗೆದುಬಿಡಿ. ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ತಿಂಗಳ ವ್ಯಾಯಾಮದ ಫಲ ಒಂದೇ ದಿನದಲ್ಲಿ ಹೋಗುತ್ತದೆ.

ನಮಾಝ್, ಉಪವಾಸ ಮತ್ತು ಮಾತ್ರೆ

ಈ ರೋಗದ ಮುಖ್ಯ ಔಷಧಿ ಲೆವೊಡೋಪಾ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಆ ಅಂಶವಿದೆ. ಆದರೆ ಎಷ್ಟಿದೆಯೆಂದು ಅಳೆಯಲಾಗದ್ದರಿಂದ ಮನೆಯಲ್ಲೇ ಪುಡಿ ಮಾಡಿ ಕೊಡುವ ಸಾಹಸ ಬೇಡ. ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ, ಹೇಳಿದ ಸಮಯಕ್ಕೇ ಕೊಡಬೇಕು. ಊಟಕ್ಕೆ ಅರ್ಧ ಗಂಟೆ ಮೊದಲಾದರೆ ಒಳ್ಳೆಯದು. ಮೀನು, ಮಾಂಸ, ಬೇಳೆಯ ಪ್ರೋಟೀನು ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿನಲ್ಲೇ ವ್ಯಾಯಾಮ ಮಾಡಿಸಿ.

ರಮಝಾನ್‌ನಲ್ಲಿ ಇದು ಗಂಭೀರ ವಿಷಯ. "ಇಷ್ಟು ವರ್ಷ ಒಂದು ಉಪವಾಸವೂ ಬಿಟ್ಟಿಲ್ಲ" ಎಂದು ಹಿರಿಯರು ಯಾರಿಗೂ ಹೇಳದೆ ಹಗಲಿನ ಮಾತ್ರೆ ಬಿಟ್ಟುಬಿಡುತ್ತಾರೆ. ಈ ಔಷಧಿಯನ್ನು ಹಠಾತ್ತಾಗಿ ನಿಲ್ಲಿಸಿದರೆ ಮೈ ಬಿಗಿದು, ತೀವ್ರ ಜ್ವರ ಬಂದು, ಪ್ರಾಣಕ್ಕೇ ಅಪಾಯವಾಗಬಹುದು. ರಮಝಾನ್‌ಗೆ ಮೊದಲೇ ವೈದ್ಯರಲ್ಲಿ ಕೇಳಿ. ಗುಣವಾಗದ ರೋಗವಿರುವವರಿಗೆ ಉಪವಾಸದ ಬದಲು ಫಿದ್‌ಯಾ ಕೊಡುವ ರಿಯಾಯಿತಿಯಿದೆ, ಅದನ್ನು ವಿದ್ವಾಂಸರಿಂದ ಅವರಿಗೇ ಹೇಳಿಸಿ. ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಬಹುದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಸುಜೂದಿನಿಂದ ಏಳುವಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗುವುದು ಈ ರೋಗಿಗಳಲ್ಲಿ ಸಾಮಾನ್ಯ. ಗೋಡೆಯ ಪಕ್ಕದ ಕುರ್ಚಿ ಅವರಿಗೆ ಅವಮಾನವಲ್ಲ, ಅಲ್ಲಾಹನು ಕೊಟ್ಟ ಸೌಲಭ್ಯ.

ಇನ್ನೊಂದು ಎಚ್ಚರ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್‌ನಂತಹ ಔಷಧಿಗಳು ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚಿಸಬಲ್ಲವು. ಯಾವ ಕಾಯಿಲೆಗೆ ಯಾವ ವೈದ್ಯರಲ್ಲಿಗೆ ಹೋದರೂ "ಇವರಿಗೆ ಪಾರ್ಕಿನ್ಸನ್ ಇದೆ" ಎಂದು ಮೊದಲೇ ಹೇಳಿ. ಹಾಗೆಯೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿದ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್ ರೋಗವೂ ಸೇರಿದೆ. ಗುರುತಿನ ಚೀಟಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ.

ನಿಮ್ಮ ಬಗ್ಗೆಯೂ ಒಂದು ಮಾತು

ಹಗಲಿಡೀ ಬಾಪನ ಹಿಂದೆಯೇ ಇರುವವರು ಹೆಚ್ಚಾಗಿ ಮನೆಯ ಸೊಸೆ ಅಥವಾ ಮಗಳು. ಗಂಡ ಗಲ್ಫ್‌ನಲ್ಲಿ, ಮಕ್ಕಳು ಶಾಲೆಯಲ್ಲಿ, ಒಲೆಯ ಮೇಲೆ ಸಾರು, ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟ ಮಾವ. ಸಿಟ್ಟು ಬರುವುದು ಸಹಜ. ಆದರೆ ವೃದ್ಧ ತಂದೆ ತಾಯಿಯರ ಮುಂದೆ ಬೇಸರದ ಒಂದು ಸಣ್ಣ ಉದ್ಗಾರವೂ ಬೇಡವೆಂದು ಕುರ್‌ಆನ್ ಕಲಿಸುತ್ತದೆ. ಆ ಹೊಣೆ ಮೊದಲು ಮಕ್ಕಳದು, ಒಬ್ಬ ಹೆಣ್ಣುಮಗಳ ಹೆಗಲಿಗೆ ಮಾತ್ರ ಕಟ್ಟಿದ್ದಲ್ಲ. ದೂರದಲ್ಲಿರುವ ಮಗ ದಿನಕ್ಕೆ ಹತ್ತು ನಿಮಿಷ ವೀಡಿಯೋ ಕರೆಯಲ್ಲಿ ಬಂದು, "ಬಾಪ, ನಾನು ಎಣಿಸುತ್ತೇನೆ, ನೀವು ಹೆಜ್ಜೆ ಹಾಕಿ" ಎನ್ನಲಿ. ಫೋನನ್ನು ಮೇಜಿನ ಮೇಲೆ ನಿಲ್ಲಿಸಿಡಿ. ಅಷ್ಟು ಹೊತ್ತು ನೀವು ಬಾಪನ ಪಕ್ಕದಲ್ಲಿ ನಿಂತಿದ್ದರೆ ಸಾಕು. ಅವನು ಕಳುಹಿಸುವ ಹಣದಷ್ಟೇ ಅದೂ ಸೇವೆ.

ಮುಂದೊಂದು ದಿನ ಆ ಕನ್ನಡಕ ಅಗ್ಗವಾಗಿ ನಮ್ಮ ಊರಿಗೂ ಬರಬಹುದು. ಬರಲಿ. ಅಲ್ಲಿಯವರೆಗೆ ಬಾಪ ಕಾಯುತ್ತಾ ಕೂರಬೇಕಾಗಿಲ್ಲ. ಇಂದು ಸಂಜೆಯೇ ಬೆಳ್ಮಣ್ ಪೇಟೆಯ ಅಂಗಡಿಯಿಂದ ಒಂದು ಸುರುಳಿ ಬಣ್ಣದ ಟೇಪು ತರಿಸಿ. ಬಚ್ಚಲಿನ ದಾರಿಯಲ್ಲಿ ನಾಲ್ಕು ಗೆರೆ ಅಂಟಿಸಿ. ಮಗ್ರಿಬ್‌ನ ಬಾಂಗ್ ಆದಾಗ ಬಾಪನ ಪಕ್ಕದಲ್ಲಿ ನಿಂತು, ಅವಸರಪಡಿಸದೆ, ಮೊದಲ ಗೆರೆಯನ್ನು ತೋರಿಸಿ.