ಕಚ್ಚಿಕೊಂಡ ನಟ್ಟು ಬಿಡುವುದು ಹೇಗೆ?

ಹಳೆಯ ಅಂಬಾಸಡರ್ ಕಾರಿನ ಸೈಲೆನ್ಸರ್ ಪೈಪನ್ನು ಎಂಜಿನ್ನಿಗೆ ಬಿಗಿದ ನಟ್ಟುಗಳ ಪಾಡು ನೋಡಿ. ಗಾಡಿ ಓಡುವಾಗ ಕಾದು, ನಿಂತಾಗ ತಣಿದು, ಮಳೆಗಾಲದುದ್ದಕ್ಕೂ ರಸ್ತೆಯ ನೀರು ಎರಚಿಸಿಕೊಂಡು ಅವು ವರ್ಷಗಟ್ಟಲೆ ಕಳೆದಿರುತ್ತವೆ. ಸ್ಪ್ಯಾನರ್ ಹಾಕಿ ಒಂದೇ ಸಮ ಎಳೆದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೇ ಬೋಲ್ಟೇ ಮುರಿದು ಕೈಗೆ ಬರುತ್ತದೆ.

ತುಕ್ಕಿಲ್ಲದ ನಟ್ಟಿನಲ್ಲೂ ಘರ್ಷಣೆಯದೇ ಕಾರುಬಾರು. ಬಿಗಿ ಮಾಡಿದಾಗ ಬೋಲ್ಟು ಅತಿ ಸ್ವಲ್ಪ ಉದ್ದವಾಗುತ್ತದೆ. ಮತ್ತೆ ಕುಗ್ಗಲು ಅದು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಸ್ಪ್ಯಾನರಿನ ಮೇಲೆ ನಾವು ಹಾಕುವ ಶ್ರಮದಲ್ಲಿ ಬೋಲ್ಟನ್ನು ಹಿಗ್ಗಿಸಲು ಹೋಗುವುದು ಸುಮಾರು ಶೇ 10 ಮಾತ್ರ. ಮಿಕ್ಕದ್ದೆಲ್ಲ ಥ್ರೆಡ್ಡಿನಲ್ಲೂ ನಟ್ಟಿನ ತಳದಲ್ಲೂ ಉಜ್ಜಾಟಕ್ಕೇ ಖರ್ಚು. ಇದರ ಮೇಲೆ ತುಕ್ಕು ಬಂದು ಕೂರುತ್ತದೆ. ಕಬ್ಬಿಣ ತುಕ್ಕಾದಾಗ ಅದಕ್ಕೆ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ತುಕ್ಕು ಎರಡೂ ಕಡೆ ಒತ್ತಿ, ನಟ್ಟು ಬೋಲ್ಟುಗಳನ್ನು ಒಂದೇ ತುಂಡಿನಂತೆ ಮಾಡಿಬಿಡುತ್ತದೆ. ಕಾರವಾರ, ಮಂಗಳೂರಿನ ಕಡಲಗಾಳಿಯಲ್ಲಿ ಉಪ್ಪೂ ಸೇರುವುದರಿಂದ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಬಿಚ್ಚುವ ಮೊದಲು ಸ್ಪ್ಯಾನರಿನ ಅಳತೆ ನೋಡಲೇಬೇಕು. ಅಂಬಾಸಡರ್ ಹುಟ್ಟಿದ್ದು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ; ಹಳೆಯ ಗಾಡಿಗಳ ನಟ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ 0.3 ಮಿ.ಮೀ. ಸಡಿಲ. ಸಲೀಸಾಗಿ ತಿರುಗುವ ನಟ್ಟಿಗೆ ಇದು ನಡೆದೀತು, ಕಚ್ಚಿಕೊಂಡ ನಟ್ಟಿನ ಮೂಲೆ ಕೆಡಲು ಇಷ್ಟೇ ಸಾಕು. ಸರಿಯಾದ ಅಳತೆಯ, ಆರು ಮೂಲೆಯ ಸಾಕೆಟ್ ಹಾಕಿದರೆ ಬಲ ನಟ್ಟಿನ ಆರೂ ಬದಿಗೆ ಹಂಚಿಹೋಗುತ್ತದೆ.

ಆಮೇಲೆ ಎಣ್ಣೆ. ತೆಳುವಾದ ಎಣ್ಣೆ ಕಿರುಸಂದಿಯೊಳಗೆ ತಾನಾಗಿ ಏರುತ್ತದೆ; ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಗುಣದಿಂದ. ಎಲ್ಲ ಅಂಗಡಿಯಲ್ಲೂ ಸಿಗುವ ಡಬ್ಲ್ಯುಡಿ-40 ಅನ್ನು 1953ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಹೊರಗಟ್ಟಲೆಂದು. ತುಕ್ಕಿನೊಳಗೆ ಇಳಿಯಲೆಂದೇ ತಯಾರಿಸಿದ ಎಣ್ಣೆಗಳು ಬೇರೆ ಇವೆ, ಸಿಕ್ಕರೆ ಅವೇ ವಾಸಿ. ಯಾವುದಾದರೂ ಸರಿ, ರಾತ್ರಿಯಿಡೀ ಬಿಡಬೇಕು. ನಡುನಡುವೆ ನಟ್ಟಿನ ಬದಿಗೆ ಸುತ್ತಿಗೆಯಿಂದ ಹದವಾಗಿ ತಟ್ಟಬೇಕು. ಉಕ್ಕು ಪೆಟ್ಟು ತಾಳುತ್ತದೆ, ತುಕ್ಕು ತಾಳದೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇನ್ನಷ್ಟು ಇಳಿಯುತ್ತದೆ. ಗಾಳಿ ಒತ್ತಡದ ಇಂಪ್ಯಾಕ್ಟ್ ಗನ್ನು ಚಕ್ರದ ನಟ್ಟನ್ನು ಥಟ್ಟನೆ ಬಿಡಿಸುವುದೂ ಹೀಗೆ ಸಣ್ಣ ಸಣ್ಣ ಪೆಟ್ಟುಗಳ ಬಲದಿಂದಲೇ.

ಇದಕ್ಕೂ ಬಗ್ಗದಿದ್ದರೆ ಬೆಂಕಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಚೆಂದದ ಘಟ್ಟ ಇದೇ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 12 ಮಿ.ಮೀ. ತೂತಿನ ನಟ್ಟನ್ನು 300 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ದೊಡ್ಡದಾಗುವುದು 0.04 ಮಿ.ಮೀ., ಕೂದಲಿನ ದಪ್ಪಕ್ಕಿಂತ ಕಡಿಮೆ. ತುಕ್ಕಿನ ಬೆಸುಗೆ ಒಡೆಯಲು ಅಷ್ಟು ಸಾಕು. ಆದರೆ ಕಾಯಿಸಬೇಕಾದ್ದು ನಟ್ಟನ್ನು, ಅದೂ ಬೇಗ. ಬಿಸಿ ಬೋಲ್ಟಿಗೂ ಹರಿದರೆ ಅದೂ ಹಿಗ್ಗಿ ಲಾಭವೆಲ್ಲ ಹೋಗುತ್ತದೆ. ಕಾದ ನಟ್ಟಿನ ಅಂಚಿಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಸೇರುತ್ತದೆ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಹೋಸು, ರಬ್ಬರ್ ಬುಷ್ಷುಗಳ ಹತ್ತಿರ ಮಾತ್ರ ಬೆಂಕಿ ಒಯ್ಯಲೇಬಾರದು. ಎಣ್ಣೆ ಸಿಂಪಡಿಸಿದ ಜಾಗವನ್ನು ಮೊದಲು ಚೆನ್ನಾಗಿ ಒರೆಸಿಕೊಳ್ಳಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು ಇರಬೇಕು.

ನಟ್ಟು ಕೊಂಚ ಅಲುಗಿದೊಡನೆ ಒಂದೇ ಉಸಿರಿಗೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಸಡಿಲಿಸಿ, ಅರ್ಧದಷ್ಟು ಮತ್ತೆ ಬಿಗಿಯಿರಿ, ಎಣ್ಣೆ ಬಿಡಿ, ಮತ್ತೆ ಸಡಿಲಿಸಿ. ಒಡೆದ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಒಟ್ಟಾಗಿ ಮತ್ತೆ ಸಿಕ್ಕಿಕೊಳ್ಳದಿರಲು ಇದೊಂದೇ ದಾರಿ.

ಮರಳಿ ಜೋಡಿಸುವಾಗ ಸೈಲೆನ್ಸರಿಗೆ ಹಿತ್ತಾಳೆಯ ನಟ್ಟು ಹಾಕಿದರೆ ಮುಂದಿನ ಸಲ ಇಷ್ಟು ಕಷ್ಟವಿಲ್ಲ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ಥ್ರೆಡ್ಡಿಗೆ ತಾಮ್ರದ ಪುಡಿ ಬೆರೆಸಿದ ಗ್ರೀಸನ್ನೂ ಹಚ್ಚುವುದುಂಟು. ಚಕ್ರದ ನಟ್ಟಿಗೆ ಮಾತ್ರ, ಕಂಪನಿಯ ಪುಸ್ತಕದಲ್ಲಿ ಹೇಳಿರದಿದ್ದರೆ, ಗ್ರೀಸು ಬೇಡ. ಘರ್ಷಣೆ ಇಳಿದರೆ ಅದೇ ಬಲಕ್ಕೆ ಬೋಲ್ಟು ಲೆಕ್ಕ ಮೀರಿ ಹಿಗ್ಗಿ, ಓಡುವ ಗಾಡಿಯಲ್ಲೇ ತುಂಡಾಗುವ ಅಪಾಯವಿದೆ.