ಬೆಂಕಿ ಹಚ್ಚಿ ಕಾಡು ಕಾಯ್ದ ಹಿರಿಯ

ಮೇ ತಿಂಗಳು ಬಂತೆಂದರೆ ಡಾರ್ವಿನ್‌ನಲ್ಲಿ ಒಗೆದು ಹರವಿದ ಬಟ್ಟೆಗೂ ಹೊಗೆಯ ವಾಸನೆ ಹತ್ತುತ್ತದೆ. ಆಸ್ಟ್ರೇಲಿಯಾದ ಉತ್ತರ ತುದಿಯ ಈ ಊರಿಗೆ ನಾನು ನರ್ಸ್ ಕೆಲಸಕ್ಕೆ ಬಂದ ಮೊದಲ ವರ್ಷ, ಊರಾಚೆ ರಸ್ತೆ ಪಕ್ಕದಲ್ಲೇ ಹುಲ್ಲು ಉರಿಯುವುದನ್ನು ಕಂಡು ಗಾಬರಿಯಿಂದ ಕಾರು ನಿಲ್ಲಿಸಿದ್ದೆ. ಹೊಗೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು, ಬೆಂಕಿಗೆ ಹೆದರಿ ಹೊರಬೀಳುವ ಮಿಡತೆ, ಹಲ್ಲಿಗಳನ್ನು ಹಿಡಿಯಲು. ಅಲ್ಲಿದ್ದ ಇಬ್ಬರು ರೇಂಜರ್‌ಗಳು ಬೆಂಕಿ ಆರಿಸುತ್ತಿರಲಿಲ್ಲ. ಹಚ್ಚುತ್ತಿದ್ದರು.

ನಾನು ಬೆಳೆದದ್ದು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ. ಅಪ್ಪ ಫಾರೆಸ್ಟ್ ವಾಚರ್. ಶಿವರಾತ್ರಿ ಕಳೆದ ಮೇಲೆ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಅವರು ಕಣ್ತುಂಬ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ. ಬೆಟ್ಟದಲ್ಲಿ ಕೆಂಪು ಗೆರೆ ಕಂಡರೆ ಹಸಿಸೊಪ್ಪಿನ ಕೊಂಬೆ ಮುರಿದುಕೊಂಡು ಓಡುವುದೇ. ಬೆಂಕಿ ಕಾಡಿನ ವೈರಿ ಎಂಬ ಮಾತನ್ನು ನಾನು ಅನ್ನದ ಜೊತೆಗೇ ಉಂಡವಳು. ಅದನ್ನು ಬದಲಿಸಿದ್ದು ನಾನು ಮುಖಾಮುಖಿ ಕಾಣದ ಒಬ್ಬ ಹಿರಿಯರ ಬದುಕು.

ಅವರು ಬಾರ್ದಯಾಲ್ ನಡ್ಜಮೆರೆಕ್. ಆಳು ಎತ್ತರ, ಹಾಗಾಗಿ ‘ಲಾಫ್ಟಿ’ ಎಂಬ ಅಡ್ಡಹೆಸರು. ಡಾರ್ವಿನ್‌ಗೆ ಪೂರ್ವದ ಆರ್ನೆಮ್ ಲ್ಯಾಂಡ್‌ನ ಕಲ್ಲುಪ್ರಸ್ಥಭೂಮಿಯಲ್ಲಿ, ಸುಮಾರು 1926ರಲ್ಲಿ ಹುಟ್ಟಿದ, ಮೂಲನಿವಾಸಿ ಮೊಕ್ ಕುಲದವರು. ಅಲ್ಲಿ ಯಾರಾದರೂ ತೀರಿಕೊಂಡರೆ ಕೆಲಕಾಲ ಅವರ ಹೆಸರು ಎತ್ತುವಂತಿಲ್ಲ. 2009ರಲ್ಲಿ ಇವರು ತೀರಿಕೊಂಡಾಗಲೂ ಹೆಸರಿನ ಬದಲು ‘ವಾಮುಡ್ ನಮೊಕ್’ ಎಂದೇ ಬರೆಯುತ್ತಿದ್ದರು. ಈಗ ಹೆಸರು ಮತ್ತೆ ಬಳಕೆಗೆ ಬಂದಿದೆ, ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಹುಡುಗನಾಗಿದ್ದಾಗ ಅಪ್ಪನ ಹಿಂದೆ ನಡೆಯುತ್ತ ಅವರು ಕಲಿತದ್ದು ಎರಡು ವಿದ್ಯೆ: ಬಂಡೆಯ ಮೇಲೆ ಚಿತ್ರ ಬರೆಯುವುದು, ನೆಲಕ್ಕೆ ಬೆಂಕಿ ಇಡುವುದು. ಹೊಟ್ಟೆಪಾಡಿಗೆ ತವರದ ಗಣಿಯಲ್ಲಿ, ಕಾಡೆಮ್ಮೆ ಬೇಟೆಯ ಶಿಬಿರಗಳಲ್ಲಿ ದುಡಿದರು. 1969ರಿಂದ ಮರದ ತೊಗಟೆಯ ಮೇಲೆ ಕಾವಿಮಣ್ಣಿನಲ್ಲಿ ಕಾಂಗರೂ, ಮೀನು, ಬಂಡೆಸಂದಿನ ‘ಮಿಮಿಹ್’ ಜೀವಿಗಳನ್ನು ಬರೆದರು. ಬಂಡೆಯ ಮೇಲೆ ಬರೆಯುತ್ತಿದ್ದ ತಲೆಮಾರಿನ ಕೊನೆಯ ಕೊಂಡಿಗಳಲ್ಲಿ ಅವರೊಬ್ಬರು.

ಅಷ್ಟರಲ್ಲಿ ಅವರ ನಾಡು ಬರಿದಾಗಿತ್ತು. ಮಿಷನ್, ಗಣಿ, ಪಟ್ಟಣಗಳತ್ತ ಜನ ಇಳಿದುಹೋಗಿ, ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪ್ರಸ್ಥಭೂಮಿಯಲ್ಲಿ ಒಲೆ ಉರಿಯುವ ಬೀಡುಗಳೇ ಇಲ್ಲವಾದವು. ಹಿರಿಯರು ಅದನ್ನು ತಬ್ಬಲಿ ನೆಲ ಎಂದೇ ಕರೆದರು. ಆ ಭಾಗದ ಕುನ್‌ವಿಂಜ್ಕು ನುಡಿಯಲ್ಲಿ ‘ಕುನ್‌ರೆಡ್’ ಎಂದರೆ ಮನೆಯೂ ಹೌದು, ಬೀಡೂ ಹೌದು, ನಾಡೂ ಹೌದು. ಮನೆಯವರಿಲ್ಲದ ಮನೆಗೆ ಏನಾಗುತ್ತದೋ ಅದೇ ಆ ನೆಲಕ್ಕಾಯಿತು.

ಅಲ್ಲಿ ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತದೆ. ಕೊನೆಯ ಬಿರುಮಳೆ ಅದನ್ನು ಮಲಗಿಸುತ್ತದೆ. ಯಾರೂ ಮುಟ್ಟದಿದ್ದರೆ ಆಗಸ್ಟ್ ದಾಟುವಷ್ಟರಲ್ಲಿ ಗರಿಗರಿ ಒಣಗಿ ನಿಲ್ಲುತ್ತದೆ. ಆಮೇಲೆ ಒಂದು ಸಿಡಿಲು ಬಡಿದರೂ ಸಾಕು, ಬೆಂಕಿ ವಾರಗಟ್ಟಲೆ ಓಡುತ್ತದೆ. ಅಲ್ಲಿ ಬಿಟ್ಟು ಬೇರೆಲ್ಲೂ ಬೆಳೆಯದ ಆನ್‌ಬಿನಿಕ್ ಮರದ ತೋಪುಗಳು ಸುಟ್ಟವು. ಪೂರ್ವಿಕರ ಬಂಡೆಚಿತ್ರಗಳು ಬೆಂಕಿಯ ಝಳಕ್ಕೆ ಸಿಕ್ಕಿ ಚಕ್ಕೆಯೆದ್ದವು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತೇವಲ್ಲ, ಹಿರಿಯರ ಮದ್ದೂ ಹಾಗೆಯೇ. ಹುಲ್ಲಿನ ತುದಿ ಒಣಗಿ ಬುಡ ಇನ್ನೂ ಹಸಿಯಾಗಿರುವಾಗ, ‘ಯೆಕ್ಕೆ’ ಎಂಬ ತಂಪುಕಾಲದಲ್ಲಿ ಬೆಂಕಿ ಇಡಬೇಕು. ಗಾಳಿ ಯಾವ ಕಡೆಗೆ, ಇಬ್ಬನಿ ಎಷ್ಟು, ಮುಂದೆ ತೊರೆ ಇದೆಯೋ ಬಂಡೆ ಇದೆಯೋ, ಎಲ್ಲ ನೋಡಿ ಹಚ್ಚಿದ ಬೆಂಕಿ ನಿಧಾನ ನಡೆದು ರಾತ್ರಿಯ ಇಬ್ಬನಿಗೆ ತಾನೇ ಆರುತ್ತದೆ. ಇಲ್ಲಿ ಸುಟ್ಟ ಜಾಗ, ಅಲ್ಲಿ ಸುಡದ ಜಾಗ, ಹೀಗೆ ನೆಲ ಕೌದಿಯಂತಾಗುತ್ತದೆ. ದೊಡ್ಡ ಬೆಂಕಿ ಬಂದರೂ ಸುಟ್ಟ ತುಂಡಿನ ಅಂಚಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಕಟ್ಟಳೆಯೂ ಇದೆ: ಯಾರ ನೆಲವೋ ಅವರ ಒಪ್ಪಿಗೆಯಿಲ್ಲದೆ ಕಡ್ಡಿ ಗೀರುವಂತಿಲ್ಲ.

2002ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಲಾಫ್ಟಿ ಕುಟುಂಬದೊಂದಿಗೆ ಕಬುಲ್‌ವರ್ನಮ್ಯೊ ಎಂಬ ತಮ್ಮ ಬೀಡಿಗೆ ಮರಳಿದರು. ವಿಜ್ಞಾನಿಗಳು ಅವರಂಥ ಹಿರಿಯರ ಜೊತೆ ಕೂತು ಉಪಗ್ರಹ ನಕ್ಷೆಗಳನ್ನು ಹರಡಿದರು. ತಡವಾಗಿ ಬರುವ ಬಿಸಿಬೆಂಕಿಗಿಂತ ಈ ತಂಪುಬೆಂಕಿ ಕಡಿಮೆ ಸುಡುತ್ತದೆ, ಹಾಗಾಗಿ ಮೀಥೇನ್, ನೈಟ್ರಸ್ ಆಕ್ಸೈಡ್ ಕೂಡ ಕಡಿಮೆ ಹೊರಬರುತ್ತವೆ. ಆ ಉಳಿತಾಯಕ್ಕೆ ಬೆಲೆ ಕಟ್ಟಿ, ಡಾರ್ವಿನ್‌ನ ದ್ರವೀಕೃತ ಅನಿಲ ಸ್ಥಾವರವೊಂದು ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡುವ ಒಪ್ಪಂದವಾಯಿತು. ಅದಕ್ಕೆ ಪ್ರತಿಯಾಗಿ ಆ ನೆಲದ ರೇಂಜರ್‌ಗಳು ವರ್ಷಕ್ಕೆ 1 ಲಕ್ಷ ಟನ್ ಹಸಿರುಮನೆ ಅನಿಲ ತಗ್ಗಿಸಬೇಕಿತ್ತು. 2006ರಿಂದ ಈ ಕೆಲಸ 28,000 ಚದರ ಕಿಲೋಮೀಟರ್ ನೆಲದಲ್ಲಿ ನಡೆಯಿತು. ಅದು ಹೆಚ್ಚುಕಡಿಮೆ ಕರ್ನಾಟಕದ ಏಳನೆಯ ಒಂದು ಭಾಗ. ಕೆಲವರು ಹೆಲಿಕಾಪ್ಟರ್‌ನಿಂದ ಕಿಡಿ ಬಿತ್ತುತ್ತಾರೆ, ಕೆಲವರು ಅಜ್ಜಂದಿರಂತೆ ಕಾಲ್ನಡಿಗೆಯಲ್ಲೇ ಹಚ್ಚುತ್ತ ಹೋಗುತ್ತಾರೆ.

2004ರಲ್ಲಿ ಸರ್ಕಾರ ಲಾಫ್ಟಿಯವರಿಗೆ ‘ಆರ್ಡರ್ ಆಫ್ ಆಸ್ಟ್ರೇಲಿಯಾ’ ಗೌರವ ಕೊಟ್ಟಿತು. ತೀರಿಕೊಂಡ ಮರುವರ್ಷ ಸಿಡ್ನಿಯ ಸಮಕಾಲೀನ ಕಲಾ ಸಂಗ್ರಹಾಲಯ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಇಟ್ಟಿತು. ಆದರೆ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವ ಮನ್ನಣೆ ಬೇರೆ. 2009ರ ಸೆಪ್ಟೆಂಬರ್‌ನಲ್ಲಿ ಸುಮಾರು 14 ಲಕ್ಷ ಹೆಕ್ಟೇರ್ ಕಲ್ಲುನಾಡು, ಅದರ ಮಕ್ಕಳೇ ನೋಡಿಕೊಳ್ಳುವ ವಾರ್ಡೆಕೆನ್ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಕೆಲವೇ ವಾರಗಳಲ್ಲಿ ಅವರು ಕಣ್ಮುಚ್ಚಿದರು. 2015ರಿಂದ ಕಬುಲ್‌ವರ್ನಮ್ಯೊದಲ್ಲಿ ಶಾಲೆ ನಡೆಯುತ್ತಿದೆ. ಹಾರ ಹಾಕಿ ಕೂರಿಸಿದರೆ ಹಿರಿಯರ ತಿಳಿವು ಅವರ ಜೊತೆಗೇ ಹೋಗುತ್ತದೆ. ಅವರ ನೆಲ, ಅವರ ಬೆಂಕಿ, ಅದಕ್ಕೆ ತಕ್ಕ ಸಂಬಳ ಕೊಟ್ಟರೆ ಮೊಮ್ಮಕ್ಕಳ ಕೈಗೆ ಇಳಿಯುತ್ತದೆ.

ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಬೆಟ್ಟದ ಸೋಲಿಗರ ‘ತರಗು ಬೆಂಕಿ’ಯ ಮಾತು ತೆಗೆದರು. ಬೇಸಿಗೆ ಬಲಿಯುವ ಮೊದಲೇ ಅವರು ತರಗೆಲೆಗೆ ಬೆಂಕಿ ಇಡುತ್ತಿದ್ದರು. ಅದು ಲಂಟಾನದ ಸಸಿಗಳನ್ನು, ನೆಲ್ಲಿಮರ ಹೀರುವ ‘ಉಪ್ಪಿಲು’ ಬಂದಳಿಕೆಯನ್ನು ಹತೋಟಿಯಲ್ಲಿ ಇಡುತ್ತಿತ್ತು ಎಂಬುದು ಸೋಲಿಗರ ಅನುಭವ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಈಗ ಕಾಡಿನ ಒಳಗೆಲ್ಲ ಲಂಟಾನ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೇಶದಲ್ಲೇ ಅದು ಮೊದಲು. ಜೇನು, ನೆಲ್ಲಿಕಾಯಿಗೆ ಹಕ್ಕು ಬಂತು, ಬೆಂಕಿಗೆ ಬರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೊಂದು ತರಗು ಬೆಂಕಿಯನ್ನು ತಾವೇ ತುಳಿದು ಆರಿಸಿದ್ದನ್ನು ಅಪ್ಪ ನೆನೆದರು. ತುಳಿದರೆ ಆರುವಷ್ಟು ಸಣ್ಣ ಬೆಂಕಿಯಾಗಿತ್ತು ಅದು, ಎಂದರು.