ಎಡೆದೊರೆ ನಾಡಿನ ಸೈಕಲ್ ಹಾದಿಗಳು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ಭೂಗೋಳದ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುತ್ತವೆ. ನಮ್ಮ ಪ್ರಾಚೀನ ಶಾಸನಗಳು ಇದಕ್ಕೆ ಕೊಟ್ಟಿರುವ ಹೆಸರು ಎಡೆದೊರೆ ನಾಡು. ಎಡೆ, ತೊರೆ ಎಂಬ ಎರಡು ಅಚ್ಚಗನ್ನಡ ಪದಗಳು ಕೂಡುವಾಗ ತಕಾರಕ್ಕೆ ದಕಾರವು ಆದೇಶವಾಗಿ ಬಂದು ಎಡೆದೊರೆ ಎಂದಾಯಿತು. ತೊರೆಗಳ ನಡುವಣ ನಾಡು ಎಂಬುದೇ ಇದರ ಅರ್ಥ. ಹೆಸರಿನಲ್ಲಿ ಹೀಗೆ ನೀರು ತುಂಬಿದ್ದರೂ ಈ ನಾಡಿನ ಬಹುಭಾಗ ಮಳೆಯನ್ನೇ ನೆಚ್ಚಿದ ಒಣ ಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ; ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು ಇಲ್ಲಿ ಅಪರೂಪವಲ್ಲ. ಇಂತಹ ಬಯಲು ಸೀಮೆಯಲ್ಲಿ ಸೈಕಲ್ ಏರಿ ಸಂಚರಿಸುವವನು ಯಾವ ಹಾದಿಯನ್ನು ಹಿಡಿಯಬೇಕು, ಯಾವ ಕಾಲದಲ್ಲಿ ಹೊರಡಬೇಕು, ಈ ವಾಹನದಿಂದ ನಮ್ಮ ವಿದ್ಯಾರ್ಥಿಗಳಿಗೆ ಆಗುವ ಪ್ರಯೋಜನವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಮಾರ್ಗವೇ ಈ ಭಾಗದ ಬೆನ್ನೆಲುಬು. ವಾಯವ್ಯ ದಿಕ್ಕಿಗೆ ಸಾಗುವ ಈ ದಾರಿಯ ಉದ್ದ ಐವತ್ತೈದು ಕಿಲೋಮೀಟರಿನ ಆಸುಪಾಸು. ಮಸ್ಕಿಯು ಹೆಚ್ಚುಕಡಿಮೆ ಇದರ ನಡುವಿನಲ್ಲಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಆಶ್ರಯದಲ್ಲಿ ಸಿಂಧನೂರಿನ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಇಲ್ಲಿ ನೆಲೆಸಿದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ಊರ ಹೆಸರುಗಳ ಕೊನೆಗೆ ‘ಕ್ಯಾಂಪ್’ ಎಂಬ ಪದ ಅಂಟಿಕೊಂಡದ್ದು ಹೀಗೆ. ಕಾಲುವೆಯ ಮಗ್ಗುಲಿನ ದಾರಿಗಳು ಸಮತಟ್ಟಾಗಿದ್ದು ಸೈಕಲ್ಲಿಗೆ ಅನುಕೂಲವೆನಿಸಿದರೂ, ಹಲವೆಡೆ ತಡೆಗೋಡೆಯಿಲ್ಲದ ಕಾರಣ ಕತ್ತಲಲ್ಲಿ ಅವುಗಳನ್ನು ಹಿಡಿಯಬಾರದು.

ಮಸ್ಕಿಯನ್ನು ಸಮೀಪಿಸುತ್ತಿರುವಂತೆ ನೋಟವೇ ಬದಲಾಗುತ್ತದೆ. ಹಸಿರು ಹಿಂದಕ್ಕೆ ಸರಿದು ಕಲ್ಲುಗುಂಡುಗಳ ಗುಡ್ಡಗಳು ಎದ್ದು ನಿಲ್ಲುತ್ತವೆ. ಇಲ್ಲಿಯೇ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರಿಗೆ ಅಶೋಕನ ಶಿಲಾಶಾಸನ ಗೋಚರಿಸಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಆ ಬಿರುದಿನ ಅರಸನು ಅಶೋಕನೇ ಎಂಬ ವಿದ್ವಾಂಸರ ಊಹೆಗೆ ಮಸ್ಕಿಯ ಬಂಡೆ ನೇರವಾದ ಸಾಕ್ಷ್ಯ ನುಡಿಯಿತು. ಮುಂದೆ ಗುಜರ್ರಾ, ನಿಟ್ಟೂರು, ಉದೆಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವಾದರೂ ಮೊದಲನೆಯ ಕೀರ್ತಿ ಮಸ್ಕಿಗೇ ಸಲ್ಲುತ್ತದೆ. ಬಸ್ಸಿನಲ್ಲಿ ಕುಳಿತವನಿಗೆ ಈ ಗುಡ್ಡ ಕಿಟಕಿಯಾಚೆ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಸೈಕಲ್ ತುಳಿಯುವವನ ಕಣ್ಣೆದುರಿಗೆ ಅದು ಬಹಳ ಹೊತ್ತು ನಿಂತಿರುತ್ತದೆ.

ಮಸ್ಕಿಯಿಂದ ಮುಂದಕ್ಕೆ ನೆಲ ಮೆಲ್ಲಗೆ ಏರುತ್ತದೆ. ಲಿಂಗಸುಗೂರು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದ್ದು ಸಿಂಧನೂರು ಅದಕ್ಕಿಂತ ತಗ್ಗಿನಲ್ಲಿದೆ. ಏರು ಕಣ್ಣಿಗೆ ಕಾಣಿಸದಿದ್ದರೂ ಕಾಲಿಗೆ ತಿಳಿಯುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರಾಯಚೂರಿನಲ್ಲಿ ಲೀನವಾಯಿತು. ಇಲ್ಲಿಂದ ಹೊರಡುವ ಕವಲುದಾರಿಗಳೆಲ್ಲವೂ ಅರ್ಥಪೂರ್ಣವಾದವು. ಒಂದು ದಾರಿ ಬಹಮನಿ ಮತ್ತು ವಿಜಯನಗರದ ಅರಸರು ಮೇಲಿಂದ ಮೇಲೆ ಕಾದಾಡಿದ ಮುದಗಲ್ಲಿನ ಕೋಟೆಗೆ ಹೋಗುತ್ತದೆ. ಇನ್ನೊಂದು ಕೃಷ್ಣೆಯ ನಡುಗಡ್ಡೆಯ ಜಲದುರ್ಗಕ್ಕೆ. ಮತ್ತೊಂದು ಹಟ್ಟಿಗೆ, 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಗೆ ಮುಖ್ಯ ಆಧಾರವಾಗಿ ಉಳಿದಿರುವುದು ಹಟ್ಟಿ. ಇವೆಲ್ಲವೂ ಲಿಂಗಸುಗೂರಿನಿಂದ ಒಂದೂವರೆ ಎರಡು ಗಂಟೆಗಳ ಸೈಕಲ್ ಪಯಣದೊಳಗೆ ಇವೆ.

ಶರಣ ಪರಂಪರೆಯವರಾದ ನಮಗೆ ಇವುಗಳಿಗಿಂತಲೂ ಹತ್ತಿರವಾದುದು ಗುರುಗುಂಟಾದ ಬಳಿಯ ಅಮರೇಶ್ವರದ ದಾರಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಈ ಸೀಮೆಯಿಂದಲೇ ಕಲ್ಯಾಣಕ್ಕೆ ನಡೆದು ಹೋದರೆಂಬುದು ಪರಂಪರೆಯ ಮಾತು. ಅಂದಿನ ಕಾಯಕಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಲಕ್ಕಮ್ಮ ಎಚ್ಚರಿಸಿ, ಅದನ್ನು ಮರಳಿ ಸುರಿದು ಬರುವಂತೆ ಮಾಡಿದ ಪ್ರಸಂಗ ಸರ್ವವಿದಿತ. ಸೈಕಲ್ ಯಾತ್ರಿಕನಿಗೂ ಅದೇ ನೀತಿ ಸಲ್ಲುತ್ತದೆ. ಬೇಡದ ಹೊರೆಯನ್ನು ಹೊತ್ತವನು ಮೊದಲ ಏರಿನಲ್ಲಿಯೇ ಅದರ ದಂಡವನ್ನು ತೆರುತ್ತಾನೆ.

ಇನ್ನು ಕಾಲದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವುದು ಪಡುವಣ ಗಾಳಿ. ಆಗ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವವನಿಗೆ ಗಾಳಿ ಬಹುಮಟ್ಟಿಗೆ ಎದುರಾಗುತ್ತದೆ, ನೆಲವೂ ಏರುತ್ತದೆ. ಮರಳುವಾಗ ಎರಡೂ ನೆರವಾಗುತ್ತವೆ. ಆದುದರಿಂದ ಶಕ್ತಿಯಿರುವ ಮುಂಜಾನೆಯಲ್ಲಿ ಎದುರುಗಾಳಿಯನ್ನು ಕಳೆದು ಸಂಜೆಯ ದಣಿವಿಗೆ ಬೆನ್ನುಗಾಳಿಯನ್ನು ಉಳಿಸಿಕೊಳ್ಳುವುದು ಜಾಣತನ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ಬೇಸಿಗೆಯಲ್ಲಿ ಹೊರಡಲೇಬೇಕಾದರೆ ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಬಾಯಾರಿಕೆಗಾಗಿ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ ಹಿತಕರ.

ನೆಲದ ಗುಣವನ್ನೂ ಅರಿತಿರಬೇಕು. ಎರೆಮಣ್ಣು ನೀರನ್ನು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಎರೆಯ ಮೇಲೆ ಹಾಕಿದ ಡಾಂಬರು ರಸ್ತೆಗಳು ಬೇಗನೆ ಬಿರುಕುಬಿಟ್ಟು ಅಲೆಅಲೆಯಾಗುವುದಕ್ಕೆ ಇದೇ ಮುಖ್ಯ ಕಾರಣ. ಮಳೆ ಬಿದ್ದ ಮರುದಿನ ಹೊಲದ ದಾರಿಗಿಳಿದರೆ ಕೆಸರು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಸವಾರನೇ ಸೈಕಲ್ಲನ್ನು ಹೊತ್ತುಕೊಂಡು ನಡೆಯಬೇಕಾಗುತ್ತದೆ. ಮಸಬು ನೆಲದ ದಾರಿಗಳಲ್ಲಿ ಈ ತೊಂದರೆ ಕಡಿಮೆ. ದಾರಿಯಂಚಿನ ಬಳ್ಳಾರಿ ಜಾಲಿಯ ಮುಳ್ಳಂತೂ ಟಯರಿಗೆ ಹುಟ್ಟುವೈರಿ. ಪಂಪು, ತೇಪೆ, ಸೊಲ್ಯೂಷನ್ ಇಲ್ಲದೆ ಊರು ಬಿಡಬಾರದು.

ಲಡಾಖಿನ ಎತ್ತರದ ಮರುಭೂಮಿಯಲ್ಲಿ ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಮೇಲೆ ಹೋಗುವ ಸಾಹಸಿಗಳಿದ್ದಾರೆ. ಅಲ್ಲಿ ಚಳಿ ಮತ್ತು ತೆಳುವಾದ ಗಾಳಿ ಶತ್ರುಗಳಾದರೆ ಇಲ್ಲಿ ಬಿಸಿಲೇ ಶತ್ರು. ದೂರಪ್ರಯಾಣದ ಸೈಕಲ್ ಸಂಘಗಳವರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕೆಂಬ ನಿಯಮವನ್ನು ಇಟ್ಟುಕೊಂಡಿದ್ದಾರೆ. ನಮ್ಮ ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಡ ರೈತರ ಮಕ್ಕಳು ಇಂತಹುದೇ ಒಣ ದಾರಿಗಳಲ್ಲಿ ಪಳಗಿ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದಿದ್ದಾರೆ. ಆ ಸಾಧನೆ ಎಡೆದೊರೆಯ ಮಕ್ಕಳಿಗೆ ಎಟುಕದುದೇನೂ ಅಲ್ಲ.

ಆದರೆ ಪದಕಕ್ಕಿಂತ ಮಿಗಿಲಾದ ಒಂದು ವಿಷಯವಿದೆ. ಮನುಷ್ಯನು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯಬಲ್ಲನು. ಅಷ್ಟೇ ಶ್ರಮದಿಂದ ಸೈಕಲ್ ಮೇಲೆ 15 ಕಿಲೋಮೀಟರ್ ಹೋಗಬಲ್ಲನು. ವೃತ್ತದ ತ್ರಿಜ್ಯ ಮೂರು ಪಟ್ಟಾದರೆ ಕ್ಷೇತ್ರಫಲ ಒಂಬತ್ತು ಪಟ್ಟಾಗುತ್ತದೆಂಬುದು ಗಣಿತ. ಎಂದರೆ ಒಂದು ಗಂಟೆಯೊಳಗೆ ಮಕ್ಕಳು ಬಂದು ಸೇರಬಲ್ಲ ಪ್ರದೇಶವು ಶಾಲೆಯ ಸುತ್ತ ಒಂಬತ್ತು ಪಟ್ಟು ಹಿಗ್ಗುತ್ತದೆ. ಪ್ರೌಢಶಾಲೆಯಿಲ್ಲದ, ಹೊತ್ತಿಗೆ ಸರಿಯಾಗಿ ಬಸ್ಸೂ ಬಾರದ ಊರಿನ ಬಾಲಕಿ ಓದು ಬಿಟ್ಟು ಹತ್ತಿ ಬಿಡಿಸುವುದಕ್ಕೆ ಹೋಗುವಳೋ, ಪುಸ್ತಕದ ಚೀಲವನ್ನು ಹಿಂಬದಿಯ ಕ್ಯಾರಿಯರಿಗೆ ಕಟ್ಟಿ ಶಾಲೆಗೆ ಬರುವಳೋ ಎಂಬುದು ಎಷ್ಟೋ ಮನೆಗಳಲ್ಲಿ ಒಂದು ಸೈಕಲ್ಲಿನಿಂದ ನಿರ್ಣಯವಾಗುತ್ತದೆ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಹಾದಿಗಳಲ್ಲಿ ಹೆಣ್ಣುಮಕ್ಕಳ ಸಾಲುಗಳು ಕಾಣಿಸಿಕೊಂಡವು. ಕೋವಿಡ್ ಪಿಡುಗಿನ ವರ್ಷಗಳಲ್ಲಿ ಆ ವಿತರಣೆ ನಿಂತುಹೋಯಿತು. ಆ ಸಾಲುಗಳು ಮತ್ತೆ ತೆಳುವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮ ಮೇಲೂ ಇದೆ.

ಸೈಕಲ್ ಕೊಟ್ಟರೆ ಸಾಲದು, ದಾರಿಯನ್ನೂ ತೋರಿಸಬೇಕು. ಹೆದ್ದಾರಿಯಲ್ಲಿ ಬತ್ತದ ಲಾರಿಗಳು, ಹಿಂಬದಿಗೆ ದೀಪವಿಲ್ಲದ ಟ್ರ್ಯಾಕ್ಟರುಗಳು ಎಡೆಬಿಡದೆ ಓಡುತ್ತವೆ. ಸುಗ್ಗಿಯಲ್ಲಿ ರಸ್ತೆಯ ಅರ್ಧವೇ ಕಣವಾಗುತ್ತದೆ. ಮಕ್ಕಳು ಆದಷ್ಟು ಊರುಗಳ ಒಳದಾರಿಗಳನ್ನೇ ಹಿಡಿಯಬೇಕು. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಎಡಬದಿಯಲ್ಲಿ ಸಾಗಬೇಕು. ಹಿಂದಿನ ಮಡ್‌ಗಾರ್ಡಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಬಿಲ್ಲೆಯಿರಬೇಕು. ಕತ್ತಲಾಗುವ ಮೊದಲೇ ಮನೆ ಸೇರಬೇಕು. ಆಯಾ ಊರಿನ ಮಕ್ಕಳ ದಾರಿಯನ್ನು ಶಿಕ್ಷಕರು ವರ್ಷಾರಂಭದಲ್ಲಿ ಒಮ್ಮೆ ತಾವೇ ಸಂಚರಿಸಿ, ಅಪಾಯದ ತಿರುವುಗಳನ್ನು ಗುರುತಿಸಿ ಪಾಲಕರಿಗೆ ತಿಳಿಸುವುದು ಒಳಿತು.

ಅನ್ನದಾಸೋಹ, ಜ್ಞಾನದಾಸೋಹಗಳು ಶ್ರೀಮಠಗಳ ಉಸಿರು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಶಾಲೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಲು ಒಂದು ನೆರಳಿನ ಚಪ್ಪರ, ಒಂದು ಗಾಳಿಪಂಪು, ತೇಪೆ ಹಾಕುವ ಸಲಕರಣೆ, ಕುಡಿಯುವ ನೀರಿನ ಅರವಟಿಗೆ ಇವಿಷ್ಟೂ ದೊಡ್ಡ ವೆಚ್ಚವಿಲ್ಲದೆ ಏರ್ಪಡುತ್ತವೆ. ದೂರದ ಊರಿನ ಬಾಲಕಿಗೆ ಒಂದು ಸೈಕಲ್ ಕೊಡಿಸುವುದು ಜ್ಞಾನದಾಸೋಹದ ಒಂದು ಅಂಗವೇ ಸರಿ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಶಿಕ್ಷಕರೊಡನೆ ಮಕ್ಕಳು ಸೈಕಲ್ ತುಳಿದು ಮಸ್ಕಿಯ ಶಾಸನವನ್ನೂ ಅಮರೇಶ್ವರವನ್ನೂ ಕಂಡು ಬರಲಿ. ತಮ್ಮ ನಾಡನ್ನು ತಮ್ಮ ಕಾಲಿನ ಬಲದಿಂದಲೇ ಅಳೆದ ಮಕ್ಕಳು ಅದನ್ನು ಬರಡು ಸೀಮೆಯೆಂದು ಹಳಿಯಲಾರರು. ಶರಣರು ಜಂಗಮಕ್ಕೆ ಕೊಟ್ಟ ಮನ್ನಣೆಯನ್ನು ನೆನೆದು, ಈ ಚಲನಶೀಲ ವಿದ್ಯಾರ್ಥಿಗಳಿಗೆ ಎಲ್ಲರೂ ದಾರಿಯಾಗಲಿ ಎಂದು ಹಾರೈಸುತ್ತೇನೆ.